ಕೆಡವಿ ಕೈ ಬಿಟ್ಟವಳ ಪಾಯಿಂಟುಗಳು

ಆ ಸಲದ ಪಂದ್ಯಗಳ ಬಗ್ಗೆ ಯಾರಾದರೂ ಕೇಳಿದರೆ, ಮೊದಲ ಭಾನುವಾರದಿಂದಲೇ ಮೈದಾನ ತುಂಬಿತ್ತು ಎಂದು ಹೇಳಿಬಿಡುತ್ತೇನೆ. ಹೇಳುವಾಗ ಅದು ನಿಜವೆಂದೇ ಅನ್ನಿಸುತ್ತದೆ. ದಿನಚರಿಯಲ್ಲಿ ಮಾತ್ರ ನನ್ನದೇ ಕೈಬರಹದಲ್ಲಿ ಹೀಗಿದೆ: "ರೋಣದಲ್ಲಿ ಆಟ. ನೋಡಲು ಬಂದವರಲ್ಲಿ ಅರ್ಧ ಜನ ಹುಡುಗಿಯರ ಮನೆಯವರು. ಉಳಿದವರು ಬಸ್ಸು ತಪ್ಪಿಸಿಕೊಂಡವರು." ಆದ್ದರಿಂದ ಇದನ್ನು ಬರೆಯುವಾಗ ನೆನಪಿಗೂ ದಿನಚರಿಗೂ ಜಗಳ ಬಂದ ಕಡೆಯೆಲ್ಲ ದಿನಚರಿಯ ಪಕ್ಷ ವಹಿಸಿದ್ದೇನೆ. ದಿನಚರಿಯೂ ಎಲ್ಲವನ್ನೂ ನೋಡಿರಲಿಲ್ಲ ಎಂಬುದು ಬೇರೆ ಮಾತು.

ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ಹುಡುಗಿಯರ ರಗ್ಬಿ ತಂಡಗಳಿದ್ದವು. ಏಳೇಳು ಜನರ ಆಟ. ಉದ್ದುದ್ದನೆಯ ಚೆಂಡನ್ನು ಹಿಂದಕ್ಕಷ್ಟೇ ಎಸೆಯಬೇಕು, ಮುಂದಕ್ಕೆ ಓಡಬೇಕು, ಎದುರಿನ ಗೆರೆ ದಾಟಿ ನೆಲಕ್ಕೆ ಊರಬೇಕು. ಮೂರು ವರ್ಷದಿಂದ ಹುಡುಗಿಯರು ಬೀಳುತ್ತ ಏಳುತ್ತ ಕಲಿತಿದ್ದರು. ನೋಡುವವರು ಇರಲಿಲ್ಲ. ಮೂರೂ ಊರಿನ ಸಮಿತಿಗೆ ಅಧ್ಯಕ್ಷರಾಗಿದ್ದವರು ರೋಣದ ಮಾರುಕಟ್ಟೆಯ ಅಡತಿ ವ್ಯಾಪಾರಿ. ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳೆಂದು ಯಾರೋ ಹೇಳಿದ್ದರಿಂದ ಅಂಗಡಿಗೆ ಕರೆಸಿಕೊಂಡರು. ಕಡಲೆ ಚೀಲಗಳ ನಡುವೆ ಕುರ್ಚಿ ಹಾಕಿಸಿ ಹೇಳಿದರು:

"ಅಕ್ಕಾರ, ನೀವು ಲೆಕ್ಕದಾಗ ಶ್ಯಾಣ್ಯಾರು. ಮಂದೀನ ಮೈದಾನಕ್ಕ ತರ್ರಿ. ಈ ಸಲ ಬರಲಿಲ್ಲಂದ್ರ ಮುಂದಿನ ವರ್ಷ ಈ ತತ್ತಿ ಆಟ ಬಂದ್."

ಚೆಂಡು ಕೋಳಿಮೊಟ್ಟೆಯಂತಿದ್ದದ್ದರಿಂದ ಅದಕ್ಕೆ ಊರಲ್ಲಿ ತತ್ತಿ ಆಟ ಎಂದೇ ಹೆಸರು.

ನನ್ನ ಯೋಚನೆ ಹೊಸದೇನಲ್ಲ. ಕ್ರಿಕೆಟ್ ನೋಡುವವರೆಲ್ಲ ಮೊಬೈಲಿನಲ್ಲಿ ತಮ್ಮದೇ ತಂಡ ಕಟ್ಟಿಕೊಂಡು ಆಡುತ್ತಾರಲ್ಲ, ಅದನ್ನೇ ವಾಟ್ಸಾಪಿಗೆ ಇಳಿಸಿದೆ. ಮೂರೂ ತಂಡಗಳ ಆಟಗಾರ್ತಿಯರ ಪಟ್ಟಿ ಕೊಡುವುದು. ನೋಡುಗರು ಅದರಲ್ಲಿ ಐದು ಜನರನ್ನು ಆರಿಸಿ ತಮ್ಮ ತಂಡ ಮಾಡಿಕೊಳ್ಳುವುದು. ಆ ಐವರು ಮೈದಾನದಲ್ಲಿ ಮಾಡಿದ್ದಕ್ಕೆಲ್ಲ ಪಾಯಿಂಟು. ಒಂದೇ ನಿಯಮ: ಮೂರೂ ಊರಿನವರಲ್ಲಿ ಒಬ್ಬರಾದರೂ ಇರಲೇಬೇಕು. ನರಗುಂದದವರು ರೋಣದ ಹುಡುಗಿಗಾಗಿ ಕೂಗಬೇಕೆಂಬುದು ನನ್ನ ಆಸೆ. ಹಣದ ಮಾತೇ ಇರಲಿಲ್ಲ. ಎಲ್ಲರಿಗಿಂತ ಮುಂದಿದ್ದವರು ಫೈನಲ್ ದಿನ ರೆಫರಿಯ ಕೈಗೆ ಚೆಂಡು ಕೊಡುವುದು, ಅಷ್ಟೇ ಬಹುಮಾನ.

ಒಬ್ಬೊಬ್ಬ ಆಟಗಾರ್ತಿಗೂ ಒಂದು ಕಾರ್ಡು ಅಚ್ಚು ಹಾಕಿಸಿದೆ. ಅದರಲ್ಲಿ ಫೋಟೋ ಹಾಕಲು ಕೆಲವು ಮನೆಯವರು ಒಪ್ಪಲಿಲ್ಲ. ಒಬ್ಬಳದು ಹಾಕಿ ಇನ್ನೊಬ್ಬಳದು ಬಿಟ್ಟರೆ ಸರಿಯಲ್ಲವೆಂದು ಯಾರದೂ ಹಾಕಲಿಲ್ಲ. ಕಾರ್ಡಿನಲ್ಲಿ ಅಂಗಿಯ ನಂಬರು, ಹಳ್ಳಿಯ ಹೆಸರು, ಆಕೆ ಯಾವುದರಲ್ಲಿ ಗಟ್ಟಿ ಎಂಬ ಒಂದು ಸಾಲು. ಹೀಗಾಗಿ ಆಟಗಾರ್ತಿಯರಿಗೆಲ್ಲ ಅವರವರ ಹಳ್ಳಿಯೇ ಹೆಸರಾಯಿತು.

ಚಹಾದಂಗಡಿ, ಗಿರಣಿ, ಕಟಿಂಗ್ ಅಂಗಡಿ ಎಂದು ಮೂರೂ ಊರು ತಿರುಗಿದೆ. ಬಸ್ಸಿನಲ್ಲಿ ಕುಳಿತಾಗಲೂ ಕಾಲು ಕುಣಿಯುತ್ತಿತ್ತು. ಪುರ್ತಗೇರಿಯ ಹಿಟ್ಟಿನ ಗಿರಣಿಯವನು ನನ್ನ ಕಾರ್ಡುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೇಳಿದ:

"ಅಕ್ಕಾರ, ಖರೇ ಹೇಳ್ರಿ. ಇದು ಓಸಿ, ಮಟ್ಕಾ ಏನ್ರಿ?"

"ಅಲ್ಲಪ್ಪ. ರೊಕ್ಕ ಇಲ್ಲ, ಏನಿಲ್ಲ."

"ನಂಬರ್ ಐತಿ, ರೊಕ್ಕ ಇಲ್ಲ? ಮತ್ತ ಯಾಕ ಆಡಬೇಕ್ರಿ?"

ಆದರೂ ಆತ ಐವರನ್ನು ಆರಿಸಿ ತನ್ನ ತಂಡಕ್ಕೆ 'ಬೀಸೋ ಕಲ್ಲು' ಎಂದು ಹೆಸರಿಟ್ಟ.

ರೋಣದಲ್ಲಿ ಮೊದಲ ಸುತ್ತು ಮುಗಿದಾಗ ಒಂದು ತೊಡಕು ಎದ್ದುಕಂಡಿತು. ನಾನು ಗೆರೆ ದಾಟಿ ಚೆಂಡು ಊರಿದವರಿಗೆ ಮಾತ್ರ ಪಾಯಿಂಟು ಇಟ್ಟಿದ್ದೆ. ಎಲ್ಲರೂ ಓಡುವ ಹುಡುಗಿಯರನ್ನೇ ಆರಿಸಿದ್ದರು. ಗಜೇಂದ್ರಗಡದ ತರಬೇತುದಾರ ನೇರವಾಗಿ ಹೇಳಿದ, "ಹಿಂಗಾದ್ರ ಯಾರೂ ಯಾರಿಗೂ ಬಾಲ್ ಕೊಡೂದಿಲ್ರಿ. ಎಲ್ಲಾರೂ ತಾವ ಓಡ್ತಾರ." ಆತ ಪುಣೆಯಲ್ಲಿ ಆಡಿ ಬಂದವನು, ಮಾತು ಕಡಿಮೆ. ಒಪ್ಪಿಕೊಂಡೆ. ಪಾಸಿಗೆ ಒಂದಿಷ್ಟು, ಚೆಂಡು ಹಿಡಿದು ಓಡುತ್ತಿರುವವಳನ್ನು ಕೆಡವಿದರೆ ಅದಕ್ಕಿಂತ ಹೆಚ್ಚು ಎಂದು ಪಾಯಿಂಟು ಸೇರಿಸಿದೆ.

ಈಗ ಇದನ್ನೆಲ್ಲ ಎಣಿಸುವವರು ಬೇಕಾದರು. ನಮ್ಮ ಭಾಗದಲ್ಲಿ ಕಬಡ್ಡಿ ಪಂದ್ಯಗಳಿಗೆ ಕೊರತೆಯಿಲ್ಲ, ಆದ್ದರಿಂದ ಪಳಗಿದ ಸ್ಕೋರರ್‌ಗಳಿಗೂ ಕೊರತೆಯಿಲ್ಲ. ಅವರಲ್ಲಿ ಹಿರಿಯರು ಒಬ್ಬ ನಿವೃತ್ತ ಪಿ.ಟಿ. ಮಾಸ್ತರರು, ಎಲ್ಲರೂ ಅವರನ್ನು ಗುರುಗಳು ಎಂದೇ ಕರೆಯುತ್ತಿದ್ದರು. ಅವರು ಇನ್ನಿಬ್ಬರನ್ನು ಕರೆತಂದರು. ಮೂವರನ್ನೂ ಬೇರೆ ಬೇರೆ ಮೇಜಿಗೆ ಕೂರಿಸಿ, ಒಬ್ಬರದನ್ನು ಇನ್ನೊಬ್ಬರು ನೋಡದಂತೆ ಗುರುತು ಹಾಕಲು ಕೇಳಿದೆ. ನಾನು ಓದಿದ ವಿದ್ಯೆ ಅದು. ಮೂವರ ಲೆಕ್ಕ ತಾಳೆಯಾದರೆ ಲೆಕ್ಕ ನಂಬಬಹುದು.

ನರಗುಂದದ ಸುತ್ತಿನಲ್ಲಿ ತಾಳೆಯಾಯಿತು. ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆ ದಿನ ದಿನಚರಿಯಲ್ಲಿ ನಾನು ಹಿಗ್ಗಿದ್ದೇನೆ.

ಮತ್ತು ಜನ ಬಂದರು. ಇದು ನೆನಪಿನ ಮಾತಲ್ಲ, ದಿನಚರಿಯದು. ನರಗುಂದದ ಎರೆನೆಲ ಬಿರುಸೆಂದು ಸಮಿತಿಯವರು ಮೈದಾನಕ್ಕೆ ಕುಂಟೆ ಹೊಡೆಸಿ ಮಣ್ಣು ಸಡಿಲ ಮಾಡಿಸಿದ್ದರು, ಸುಣ್ಣದ ಗೆರೆ ಎಳೆಸಿದ್ದರು. ಗೆರೆಯ ಹೊರಗೆ ಮೂರು ಕಡೆ ಜನ. ಚಿಕ್ಕನರಗುಂದದ ಸ್ವಸಹಾಯ ಸಂಘದ ಹೆಂಗಸರು ಎಲ್ಲರೂ ಸೇರಿ ಒಂದೇ ತಂಡ ಕಟ್ಟಿದ್ದರಿಂದ ಪ್ರತಿ ಗಳಿಗೆಗೂ ತಮ್ಮತಮ್ಮಲ್ಲೇ ಜಗಳ ಆಡುತ್ತಿದ್ದರು. ಓಡುವವಳನ್ನು ಯಾರಾದರೂ ಅಪ್ಪಿ ಕೆಡವಿದರೆ ಸಾಕು, "ಹಿಡೀ! ಬಿಡಬ್ಯಾಡಬೇ!" ಎಂದು ಮೈದಾನವೆಲ್ಲ ಒಂದೇ ದನಿ. ನಾನು ಮೇಜಿನ ಹಿಂದೆ ತಲೆ ಬಗ್ಗಿಸಿ ಮೊಬೈಲಿಗೆ ಪಾಯಿಂಟು ತುಂಬುತ್ತಿದ್ದೆ. ಕೂಗು ಕಿವಿಗೆ ಹಿತವಾಗಿತ್ತು.

ಆ ಸಂಜೆಯ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಇದ್ದವಳು ಸೂಡಿಯ ಹುಡುಗಿ. ಗಜೇಂದ್ರಗಡದ ತಂಡ, ನಾಲ್ಕನೇ ನಂಬರು. ಸಣಕಲು ಮೈ, ಉದ್ದ ಕೈ. ತರಬೇತುದಾರ ಆಕೆಯನ್ನು ಒಂದು ಪಂದ್ಯದಲ್ಲೂ ಹೊರಗೆ ಕೂರಿಸುತ್ತಿರಲಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಆಕೆ ಏನೂ ಮಾಡಿರಲೇ ಇಲ್ಲ. ಆಕೆಯನ್ನು ಬೈಕಿನ ಮೇಲೆ ಕರೆತರುತ್ತಿದ್ದ ಅಣ್ಣನೂ ತನ್ನ ತಂಡ ಕಟ್ಟಿದ್ದ. ಅದರಲ್ಲಿ ತಂಗಿ ಇರಲಿಲ್ಲ.

"ಯಾಕಪ್ಪ, ತಂಗೀನ ಹಾಕ್ಕೊಂಡಿಲ್ಲ?" ಎಂದೆ.

"ಮನಿ ಮಂದಿ ಅಂತ ಹಾಕ್ಕೊಂಡ್ರ ನಾ ತಳಕ್ಕ ಹೋಗ್ತೀನ್ರಿ ಅಕ್ಕಾರ. ಆಕಿ ಪಾಯಿಂಟ್ ನೋಡ್ರಿ. ನಮ್ಮ ಎಮ್ಮಿ ಆಡಿದ್ರೂ ಇದಕ್ಕಿಂತ ಜಾಸ್ತಿ ಬರ್ತಿದ್ವು."

"ಮುಂದಿನ ಸಲ ಎಮ್ಮೀನ ಕರಕೊಂಡ ಬಾ," ಎಂದಳು ಆಕೆ, ಬೂಟಿನ ಮಣ್ಣು ಕೆರೆಯುತ್ತ. "ಗಾಡಿ ಮ್ಯಾಲ ಹಿಂದ ಕುಂದರಿಸ್ಕೊಂಡು."

ನಕ್ಕೆವು. ಅಣ್ಣ ಗಾಡಿ ತರಲು ಹೋದಾಗ ಆಕೆ ನನ್ನ ಹತ್ತಿರ ಬಂದಳು. "ನಾ ಖರೇನ ಏನೂ ಮಾಡಾಕತ್ತಿಲ್ಲೇನ್ರಿ ಅಕ್ಕಾರ? ನಮ್ಮ ಸರ್ ಚಲೋ ಆಡ್ತಿ ಅಂತಾರ. ಪಾಯಿಂಟ್ ಬ್ಯಾರೇನ ಅಂತಾವು." ನಾನು ಏನು ಹೇಳಿದೆ ಎಂಬುದು ದಿನಚರಿಯಲ್ಲಿಲ್ಲ. ಧೈರ್ಯದ ಮಾತು ಹೇಳಿದೆ ಎಂದು ನೆನಪು ಹೇಳುತ್ತದೆ. ನೆನಪು ನನ್ನ ವಿಷಯದಲ್ಲಿ ಯಾವಾಗಲೂ ಧಾರಾಳಿ.

ಗಜೇಂದ್ರಗಡದ ಸುತ್ತಿಗೆ ಪುರ್ತಗೇರಿಯಿಂದ ಟ್ರ್ಯಾಕ್ಟರಿನಲ್ಲಿ ಜನ ಬಂದರು. ಗಿರಣಿಯವನ 'ಬೀಸೋ ಕಲ್ಲು' ಎಲ್ಲರಿಗಿಂತ ಮುಂದಿತ್ತು. ಫೈನಲಿನಲ್ಲಿ ಚೆಂಡು ಕೊಡಲು ಹೊಸ ಅಂಗಿ ಹೊಲಿಸಿದ್ದಾನೆಂದು ಸುದ್ದಿಯಿತ್ತು. ಅಧ್ಯಕ್ಷರು ನನ್ನ ಮೇಜಿನ ಬಳಿ ಬಂದು, "ಗೆದ್ರಿ ಬಿಡ್ರಿ ಅಕ್ಕಾರ," ಎಂದು ಕಿವಿಯಲ್ಲಿ ಹೇಳಿ ಹೋದರು.

ಅಂದು ಸೂಡಿಯ ಹುಡುಗಿ ಬೇರೆಯೇ ಆಟ ಆಡಿದಳು. ಕೆಡವಿದವಳನ್ನು ಬಿಡಲೇ ಇಲ್ಲ. ಸೊಂಟಕ್ಕೆ ಕೈ ಹಾಕಿ, ನೆಲಕ್ಕೆ ಬಿದ್ದ ಮೇಲೂ ಅಪ್ಪಿ ಮಲಗಿಬಿಟ್ಟಳು. ಜನ ಹುಚ್ಚೆದ್ದು ಕೂಗಿದರು. ಅಣ್ಣ ಗೆರೆಯ ಮೇಲೆ ಕುಣಿಯುತ್ತಿದ್ದ. ಮೂರೂ ಮೇಜಿನಿಂದ ಆಕೆಗೆ ಪಾಯಿಂಟಿನ ಮೇಲೆ ಪಾಯಿಂಟು ಬಂತು. ಆಮೇಲೆ ರೆಫರಿ ಹಳದಿ ಕಾರ್ಡು ತೆಗೆದು ಆಕೆಯನ್ನು ಎರಡು ನಿಮಿಷ ಹೊರಗೆ ಕಳಿಸಿದ. ಆ ಎರಡು ನಿಮಿಷದಲ್ಲೇ ರೋಣದವರು ಗೆರೆ ದಾಟಿದರು, ಗಜೇಂದ್ರಗಡ ಸೋತಿತು. ನರಗುಂದವನ್ನು ಎರಡು ಸಲವೂ ಸೋಲಿಸಿದ್ದರಿಂದ ಫೈನಲಿಗೇನೋ ಉಳಿದುಕೊಂಡಿತು.

ಆಕೆ ನನ್ನ ಮುಂದಿನಿಂದ ಹಾದುಹೋಗುವಾಗ "ಬಂದ್ವಲ್ರಿ ಪಾಯಿಂಟ್," ಎಂದಳು. ಮುಖದಲ್ಲಿ ಏನೂ ಇರಲಿಲ್ಲ.

ತರಬೇತುದಾರ ತನ್ನ ತಂಡದ ಆಟಗಾರ್ತಿಯರ ಕಾರ್ಡುಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟ. "ಆ ಹುಡುಗಿ ಹಿಂಗ ಆಡಾಕಿ ಅಲ್ರಿ. ಕೆಡವಿದ ಕೂಡಲೇ ಕೈ ಬಿಡಬೇಕು, ಎದ್ದು ಬಾಲಿಗೆ ಹೋಗಬೇಕು. ಅದು ನಿಯಮ. ಆಕಿ ಅದನ್ನ ಮೂರೂ ಊರಾಗ ಎಲ್ಲಾರಕಿಂತ ಚಲೋ ಮಾಡ್ತಾಳ. ಈಗ ಮಂದಿ ಬಿಡಬ್ಯಾಡ ಅಂತಾರ, ಆಕಿ ಕೈ ಮಂದಿ ಮಾತು ಕೇಳಾಕತ್ತೈತಿ. ಫೈನಲ್‌ದಾಗ ನಾ ಆಕೀನ ಇಳಸೂದಿಲ್ಲ."

"ಇಳಸಬೇಕಂದ್ರ?"

"ಮಂದಿ ಬಾಯಿ ತಿದ್ರಿ. ಮಂದೀನ ತಂದಾವ್ರು ನೀವ."

ಮನೆಗೆ ಹೋಗಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಆತ ಹೇಳಿದ್ದು ನಿಜವಾದರೆ, ಚೆನ್ನಾಗಿ ಕೆಡವುತ್ತಿದ್ದವಳಿಗೆ ಹಿಂದಿನ ಸುತ್ತಿನಲ್ಲಿ ಪಾಯಿಂಟು ಯಾಕೆ ಬರಲಿಲ್ಲ? ಮೂವರೂ ಒಪ್ಪಿದ್ದ ಲೆಕ್ಕ. ಮೂವರು ಒಟ್ಟಿಗೆ ಕುರುಡರಾಗಿರಲು ಸಾಧ್ಯವೇ?

ಪಂದ್ಯಗಳನ್ನು ವಿಡಿಯೋ ಮಾಡುತ್ತಿದ್ದವನು ಗಜೇಂದ್ರಗಡದ ಒಂದು ಫೋಟೋ ಸ್ಟುಡಿಯೋದವನು. ಸೋಮವಾರ ಬೆಳಿಗ್ಗೆ ಗುರುಗಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ನರಗುಂದದ ಆಟ ಹಾಕಿಸಿ, ಮತ್ತೊಮ್ಮೆ ಗುರುತು ಹಾಕಿರೆಂದು ಪೆನ್ಸಿಲ್ ಕೊಟ್ಟೆ. ಪರದೆಯ ಮೇಲೆ ಸೂಡಿಯ ಹುಡುಗಿ ರೋಣದವಳ ಮೊಣಕಾಲಿಗೆ ಬಿದ್ದಳು, ಇಬ್ಬರೂ ಉರುಳಿದರು, ಈಕೆ ಥಟ್ಟನೆ ಕೈ ಬಿಟ್ಟು ಎದ್ದು ಚೆಂಡು ಕಸಿದಳು, ಆಟ ಮುಂದುವರಿಯಿತು. ಗುರುಗಳ ಪೆನ್ಸಿಲ್ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಕೆಡವಿದವಳನ್ನು ತಬ್ಬಿಕೊಂಡೇ ಮಲಗಿದಳು. ಸೀಟಿಯಾಯಿತು. ಗುರುಗಳು ಗುರುತು ಹಾಕಿದರು.

"ಗುರುಗಳ, ಮೊದಲಿಂದು ಯಾಕ ಹಾಕಲಿಲ್ಲರಿ?"

"ಸೀಟಿ ಎಲ್ಲಿ ಆತ್ರಿ? ಬಿಟ್ಳಲ್ಲ ಆಕಿ."

"ಕೆಡವಿದ್ಳಲ್ರಿ."

"ಕೆಡವಿದ್ರ ಏನಾತು? ಹಿಡದಾವ್ರು ಬಿಟ್ರ ಅದು ಹಿಡದಂಗ ಹ್ಯಾಂಗ ಆಕ್ಕೈತ್ರಿ? ಸೀಟಿ ಆಗೂತನಕ ಹಿಡದ್ರ ಲೆಕ್ಕ."

ಆಗ ಎಲ್ಲವೂ ಕಂಡಿತು. ಕಬಡ್ಡಿಯಲ್ಲಿ ಬಂದವನನ್ನು ಸೀಟಿಯವರೆಗೆ ಹಿಡಿದರೆ ಮಾತ್ರ ಹಿಡಿದಂತೆ. ಕೈ ಸಡಿಲಾದರೆ ಪಾಯಿಂಟು ಅವನದು. ರಗ್ಬಿಯಲ್ಲಿ ಸರಿಯಾಗಿ ಕೆಡವಿ ಬಿಟ್ಟರೆ ಸೀಟಿಯೇ ಆಗುವುದಿಲ್ಲ. ಬಿಡದೆ ತಬ್ಬಿದರೆ ಸೀಟಿ ಆಗುತ್ತದೆ, ತಪ್ಪು ಎಂದು. ನಾವು ಒಂದು ಸುತ್ತಲ್ಲ, ಎರಡು ಸುತ್ತು ತಪ್ಪುಗಳನ್ನು ಎಣಿಸಿ ಆಟವೆಂದು ಹಂಚಿದ್ದೆವು. ಮೂವರೂ ಒಂದೇ ಗರಡಿಯಲ್ಲಿ ಪಳಗಿದವರಾದ್ದರಿಂದ ಮೂವರ ಲೆಕ್ಕವೂ ಒಂದೇ. ಮೈದಾನದ ಜನರೂ ಅದೇ ಗರಡಿಯವರು. ಸೂಡಿಯ ಹುಡುಗಿ ಪಾಯಿಂಟು ನೋಡಿ ಆಟ ಬದಲಿಸಿಕೊಂಡಿದ್ದಳು.

ಗುರುಗಳಿಗೆ ವಿವರಿಸಿದಾಗ ಅವರಿಗೆ ಸಿಟ್ಟು ಬಂತು. "ಮೊದಲ ಹೇಳಬಾರದೇನ್ರಿ? ನಮ್ಮ ಕಡಿಂದ ಆ ಹುಡುಗೀಗೆ ಅನ್ಯಾಯ ಮಾಡ್ಸಿದ್ರಿ!"

"ನನಗೂ ಗೊತ್ತಿರಲಿಲ್ರಿ."

"ಚಲೋ ಆತು. ಇಬ್ರೂ ಕೂಡೇ ಬಯ್ಸಿಕೊಳ್ಳೋಣ," ಎಂದರು. ಹಾಗೆಂದು ಪೆನ್ಸಿಲ್ ಚೂಪು ಮಾಡತೊಡಗಿದರು.

ಫೈನಲಿಗೆ ಎರಡು ವಾರ ಇತ್ತು. ಅಧ್ಯಕ್ಷರ ಅಂಗಡಿಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು ಕೈಯಲ್ಲಿದ್ದ ಕಡಲೆಕಾಳನ್ನು ಚೀಲಕ್ಕೆ ಹಾಕಿದರು.

"ಇದನ್ನ ಯಾರಿಗೂ ಹೇಳಬ್ಯಾಡ್ರಿ. ಫೈನಲ್‌ದಿಂದ ಸರಿ ಮಾಡ್ಕೊಂಡ ಹೋಗ್ರಿ. ಹಿಂದಿಂದು ಹಂಗ ಇರಲಿ."

"ಸುಮ್ಮನಿದ್ರ ಮಂದಿ ಬಿಡಬ್ಯಾಡ ಅಂತಾನ ಇರ್ತಾರ್ರಿ."

"ಅನ್ಲಿ ಬಿಡ್ರಿ! ಬಂದಾರಲ್ಲ? ಈಗ ಪಾಯಿಂಟ್ ಸುಳ್ಳು ಅಂದ್ರ ಆಟಾನ ಸುಳ್ಳು ಅಂತಾರ. ಆಮ್ಯಾಲ ಖಾಲಿ ಮೈದಾನ. ಮುಂದಿನ ವರ್ಷ ಏನ್ ತೋರಸ್ತೀರಿ?"

ಅವರ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ನನಗೆ ಒಪ್ಪಿಸಿದ ಕೆಲಸ ಜನರನ್ನು ತರುವುದು, ತಂದಿದ್ದೆ. ಅಲ್ಲಿಂದ ಹೊರಬಿದ್ದು ಬಸ್‌ಸ್ಟ್ಯಾಂಡಿನಲ್ಲಿ ಬಂದ ಬಸ್ಸನ್ನು ಬಿಟ್ಟೆ, ಇನ್ನೊಂದನ್ನೂ ಬಿಟ್ಟೆ. ಆದರೆ ಆ ಜನ ಯಾವ ಆಟ ನೋಡಲು ಬಂದಿದ್ದರು? ರಗ್ಬಿಯ ಅಂಗಿ ತೊಟ್ಟ ಕಬಡ್ಡಿಯನ್ನೇ ನೋಡಿ ಹೋದವರನ್ನು ರಗ್ಬಿಯ ಅಭಿಮಾನಿಗಳೆಂದು ಲೆಕ್ಕ ಹಾಕಬಹುದೇ? ರಗ್ಬಿಯನ್ನು ಚೆನ್ನಾಗಿ ಆಡುವ ಒಬ್ಬಳು ಅವರ ಕೂಗಿಗೆ ಹೊರಗೆ ಕೂರಬೇಕಾಗಿತ್ತು. ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತು ವಾಟ್ಸಾಪ್ ಗುಂಪಿಗೆ ಬರೆದುಬಿಟ್ಟೆ: ಕೆಡವಿದ ಪಾಯಿಂಟುಗಳೆಲ್ಲ ರದ್ದು, ತಪ್ಪು ಲೆಕ್ಕ ಆಗಿದೆ, ಮತ್ತೆ ಎಣಿಸೋಣ, ಈ ಸಲ ನೀವೇ ಎಣಿಸಿರಿ. ಅಧ್ಯಕ್ಷರನ್ನು ಕೇಳಲಿಲ್ಲ. ಕೇಳಿದ್ದರೆ ಕಳಿಸುತ್ತಿರಲಿಲ್ಲ.

ಬೈಗುಳ ಬಂದವು. ಕೆಲವರು ಗುಂಪು ಬಿಟ್ಟುಹೋದರು. ಪುರ್ತಗೇರಿಯ ಗಿರಣಿಯವನು ಒಂದು ಧ್ವನಿ ಸಂದೇಶ ಕಳಿಸಿದ; ಹಿಂದೆ ಗಿರಣಿ ತಿರುಗುವ ಸದ್ದು. "ಅಕ್ಕಾರ, ನಾ ಆವತ್ತ ಕೇಳಿದ್ದೆ, ಇದು ಓಸಿ ಏನು ಅಂತ. ಓಸಿದಾಗ ಬಂದ ನಂಬರ್ ತಿರಗಿ ಕಸಗೊಳ್ಳೂದಿಲ್ರಿ!" ಆಮೇಲೆ ಆತನೂ ಗುಂಪು ಬಿಟ್ಟ.

ಉಳಿದವರಿಗೆ ಸ್ಟುಡಿಯೋದವನಿಂದ ಸಣ್ಣ ಸಣ್ಣ ತುಣುಕು ಕತ್ತರಿಸಿಸಿ ಕಳಿಸತೊಡಗಿದೆ. ಪ್ರತಿಯೊಂದರ ಕೆಳಗೂ ಒಂದೇ ಪ್ರಶ್ನೆ: ಕೆಡವಿದಳೇ? ಕೈ ಬಿಟ್ಟಳೇ? ಎರಡಕ್ಕೂ ಹೌದಾದರೆ ಪಾಯಿಂಟು. ಮೊದಲ ದಿನ ಬೆರಳೆಣಿಕೆಯ ಉತ್ತರ. ಆಮೇಲೆ ಚಿಕ್ಕನರಗುಂದದ ಹೆಂಗಸರು ಒಂದು ತುಣುಕಿನ ಮೇಲೆ ಜಗಳ ತೆಗೆದರು.

"ಬಿಟ್ಟಾಳ ಅಂತೀರಲ್ಲ, ಎಡಗೈ ಇನ್ನೂ ಅಂಗಿ ಮ್ಯಾಲ ಐತಿ ನೋಡ್ರಿ."

"ಅಂಗಿ ಮ್ಯಾಲ ಇಲ್ಲಬೇ, ನೆಲದ ಮ್ಯಾಲ ಐತಿ. ಚಾಳೀಸ್ ಹಾಕ್ಕೋ."

"ನಾಕನೇ ನಂಬರ್ ಯಾರದು? ಈಕಿ ಹಾವು ಬಿಟ್ಟಂಗ ಬಿಡ್ತಾಳಲ್ಲ!"

ಈ ಕೊನೆಯ ಸಂದೇಶವನ್ನು ನಾನು ಎಷ್ಟೋ ಸಲ ಓದಿದೆ. ಎಣಿಕೆ ಮುಗಿಯುವ ಹೊತ್ತಿಗೆ ಕೆಳಗಿದ್ದ ಸೂಡಿಯ ಹುಡುಗಿ ಎಲ್ಲರಿಗಿಂತ ಮೇಲಿದ್ದಳು. ಗುಂಪು ಚಿಕ್ಕದಾಗಿತ್ತು, ಆದರೆ ಅದರಲ್ಲಿ ಉಳಿದವರು ಈಗ ರೆಫರಿಯ ಕೈ ಯಾವ ಕಡೆ ಏಳುತ್ತದೆಂದು ನೋಡುತ್ತಿದ್ದರು. ಅಧ್ಯಕ್ಷರು ಫೋನ್ ಎತ್ತುತ್ತಿರಲಿಲ್ಲ.

ತರಬೇತುದಾರನಿಗೆ ಹೊಸ ಪಟ್ಟಿ ತೋರಿಸಿದೆ. ಆತ ಅದನ್ನು ನೋಡಲಿಲ್ಲ. "ಪಟ್ಟಿ ನನಗ ಬ್ಯಾಡ್ರಿ. ಮೈದಾನದಾಗ ಏನಂತಾರ ನೋಡೋಣ. ಒಂದ ಸಲ ಹಿಡದು ಮಲಗಿದ್ಲಂದ್ರ ಕರಕೋತೀನಿ."

ಫೈನಲ್ ದಿನ ನರಗುಂದದ ಗುಡ್ಡದ ನೆರಳು ಮೈದಾನದ ಅಂಚಿಗೆ ಬಂದಿತ್ತು. ಜನ ಕಡಿಮೆ ಎಂದು ನನಗೆ ಕಂಡಿತು. ಎಣಿಸುವ ಧೈರ್ಯವಾಗಲಿಲ್ಲ. ಚೆಂಡು ಕೊಡುವ ಗೌರವ ಹೊಸ ಲೆಕ್ಕದಲ್ಲಿ ಚಿಕ್ಕನರಗುಂದದ ಹೆಂಗಸರಿಗೆ ಬಂದಿತ್ತು. ಯಾರ ಕೈಯಿಂದ ಕೊಡಬೇಕೆಂದು ಅಲ್ಲೂ ಜಗಳ. ಕೊನೆಗೆ ಒಂದು ಚೆಂಡಿಗೆ ಎಲ್ಲರೂ ಕೈ ಹಚ್ಚಿ ಕೊಟ್ಟರು. ಹೊಸ ಅಂಗಿ ತೊಟ್ಟ ಒಬ್ಬ ದೂರದಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತಿದ್ದ. ಗಿರಣಿಯವನು. ಬಂದಿದ್ದ.

ಈ ಸಲ ನಾನು ಮೇಜಿನ ಹಿಂದೆ ಕೂರಲಿಲ್ಲ. ಗೆರೆಯ ಬದಿಗೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದೆ. ಸೂಡಿಯ ಹುಡುಗಿ ಮೊದಲರ್ಧದಲ್ಲಿ ಹೊರಗೆ ಕೂತಿದ್ದಳು. ಗಜೇಂದ್ರಗಡದವರು ರೋಣದವರಿಗಿಂತ ಸ್ವಲ್ಪ ಮುಂದಿದ್ದರು. ಎರಡನೇ ಅರ್ಧದಲ್ಲಿ ತರಬೇತುದಾರ ನನ್ನ ಕಡೆ ಒಮ್ಮೆ ನೋಡಿ ಆಕೆಯನ್ನು ಇಳಿಸಿದ. ಕೊನೆಗೆ ರೋಣದ ಅತಿ ಜೋರಿನ ಓಟಗಾರ್ತಿ ಚೆಂಡು ಕಂಕುಳಲ್ಲಿಟ್ಟು ಒಂದು ಬದಿಯಿಂದ ನುಗ್ಗಿದಳು. ಗೆರೆ ಎದುರಿಗೇ ಇತ್ತು. ಅಡ್ಡ ಇದ್ದವಳು ಸೂಡಿಯವಳು ಒಬ್ಬಳೇ. ಕಾಲಿಗೆ ಬಿದ್ದಳು. ಇಬ್ಬರೂ ಸಡಿಲ ಮಣ್ಣಿನಲ್ಲಿ ಉರುಳಿದರು.

"ಹಿಡೀ! ಬಿಡಬ್ಯಾಡ!" ಎಂದು ಹಳೆಯ ಕೂಗು ಎದ್ದಿತು. ಆಕೆಯ ಕೈ ಬಿಗಿಯಾದದ್ದು ನನಗೆ ಕಂಡಿತು. ಅಷ್ಟರಲ್ಲಿ ನನ್ನ ಹಿಂದಿನಿಂದ ಯಾರೋ "ಬಿಡಽ! ಬಿಡವಾ!" ಎಂದು ಕಿರಿಚಿದರು. ಇನ್ನೊಬ್ಬರು. ಆಮೇಲೆ ಹೆಂಗಸರ ಇಡೀ ಸಾಲು: "ಬಿಡ! ಬಿಡ! ಏಳ!"

ಆಕೆ ಬಿಟ್ಟಳು. ಎದ್ದಳು. ನೆಲದಲ್ಲಿದ್ದವಳ ಕೈಯಿಂದ ಚೆಂಡು ಎತ್ತಿಕೊಂಡು ಹಿಂದಕ್ಕೆ ಎಸೆದಳು. ಚೆಂಡು ಪಡೆದವಳು ಅದನ್ನು ಬದಿಯ ಗೆರೆಯ ಹೊರಗೆ ಒದ್ದಾಗ ಹೊತ್ತು ಮುಗಿದು ಕೊನೆಯ ಸೀಟಿಯಾಯಿತು. ಗಜೇಂದ್ರಗಡ ಗೆದ್ದಿತು. ಮೂರೂ ಮೇಜಿನ ಪೆನ್ಸಿಲುಗಳಲ್ಲಿ ಯಾವುದು ಗುರುತು ಹಾಕಿತೆಂದು ನಾನು ನೋಡಲಿಲ್ಲ. ಅಧ್ಯಕ್ಷರು ಜನರ ನಡುವಿನಿಂದ ಬಂದು, ನನ್ನ ಮುಖ ನೋಡದೆ, "ಮುಂದಿನ ವರ್ಷದ ಕಾರ್ಡ್ ಲಗೂ ಮಾಡ್ರಿ," ಎಂದು ಹೇಳಿ ಹೋದರು.

ಮೊದಲು "ಬಿಡ" ಎಂದವರು ಯಾರು? ತಾನೇ ಎಂದು ಆಕೆಯ ಅಣ್ಣ ಈಗಲೂ ಹೇಳುತ್ತಾನೆ. ಗಿರಣಿಯವನೂ ತಾನೇ ಎನ್ನುತ್ತಾನೆ. ಮಡ್‌ಗಾರ್ಡ್ ಮೇಲೆ ಎದ್ದು ನಿಂತು ಕೂಗಿದನಂತೆ. ಗುರುಗಳು ನಕ್ಕುಬಿಡುತ್ತಾರೆ. ದಿನಚರಿಯಲ್ಲಿ ಆ ದಿನದ ಪುಟ ಖಾಲಿ. ಕೂಗಿದವಳು ನಾನೇ ಇರಬಹುದೆಂದು ಕೆಲವು ಸಲ ಅನ್ನಿಸುತ್ತದೆ. ಹಾಗನ್ನಿಸಿದಾಗಲೆಲ್ಲ ನೆನಪಿನ ಮೇಲೆ ಅನುಮಾನ ಹೆಚ್ಚುತ್ತದೆ. ತಿಳಿಯಲೇಬೇಕೆಂದು ಸ್ಟುಡಿಯೋಗೆ ಹೋಗಿ ಫೈನಲಿನ ವಿಡಿಯೋ ಹಾಕಿಸಿದೆ. ಸ್ಟುಡಿಯೋದವನು ಮದುವೆಯ ವಿಡಿಯೋಗಳಿಗೆ ಮಾಡುವಂತೆ ಮೈದಾನದ ಸದ್ದೆಲ್ಲ ತೆಗೆದುಹಾಕಿ, ಉದ್ದಕ್ಕೂ ಶಹನಾಯಿ ಸೇರಿಸಿದ್ದ.

"ಚಂದ ಬಂದೈತಲ್ರಿ ಅಕ್ಕಾರ?" ಎಂದ.

ಶಹನಾಯಿ ನುಡಿಯುತ್ತಲೇ ಇತ್ತು. ಪರದೆಯ ಮೇಲೆ ಆಕೆ ಉರುಳಿದಳು, ಒಂದು ಕ್ಷಣ ಬಿಗಿ ಹಿಡಿದಳು, ಕೈ ಬಿಟ್ಟು ಎದ್ದಳು. ಅಲ್ಲಿಗೆ ನಿಲ್ಲಿಸಲು ಹೇಳಿ, ಇನ್ನೊಮ್ಮೆ ಹಾಕಿಸಿದೆ.